ಹೊರಟವರು ಒಪ್ಪಿಸಬೇಕಾದ ಲೆಕ್ಕ

ಕಲಬುರಗಿಯ ಮೆಥಡಿಸ್ಟ್ ಸಭೆಯೊಂದರಲ್ಲಿ ಪಾಸ್ಟರ್‌ಗೆ ವರ್ಗಾ ಆದಾಗ ನಡೆಯುವ ಬೀಳ್ಕೊಡುಗೆಗೂ, ಕಮಲಾಪುರದ ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿಯನ್ನು ಕಳಿಸಿಕೊಡುವ ಸಮಾರಂಭಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಶಾಲು, ಹಾರ, ಗ್ರೂಪ್ ಫೋಟೊ, ಹಣ್ಣಿನ ಬುಟ್ಟಿ. ಕಮಲಾಪುರದಲ್ಲಾದರೆ ಆ ಬುಟ್ಟಿಯಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿಯ ಕೆಂಪು ಬಾಳೆಯೂ ಇದ್ದೀತು. ಉಳಿಯುವವರು ಒಬ್ಬೊಬ್ಬರಾಗಿ ಮೈಕ್ ಹಿಡಿದು ಹೊಗಳುತ್ತಾರೆ, ಹೊರಟವರು ಕೊನೆಗೆ ಎರಡು ಮಾತಾಡಿ ಗದ್ಗದಿತರಾಗುತ್ತಾರೆ.

ಮೆಥಡಿಸ್ಟರಲ್ಲಿ ಇದು ಹೀಗೇಕೆ ನಡೆಯಬೇಕು? ಆ ಪಂಥ ಹುಟ್ಟಿದ್ದೇ ತಿರುಗಾಟದಲ್ಲಿ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಕುದುರೆಯೇರಿ ಊರೂರು ಸುತ್ತಿದ ಜಾನ್ ವೆಸ್ಲಿ, ಬೋಧಕರನ್ನು ಒಂದೆಡೆ ಬೇರೂರಲು ಬಿಡಲಿಲ್ಲ. ವರ್ಷವಿಡೀ ಒಂದೇ ಊರಲ್ಲಿ ಬೋಧಿಸಿದರೆ ತಾನೂ ತೂಕಡಿಸುತ್ತೇನೆ, ಕೇಳುವವರೂ ತೂಕಡಿಸುತ್ತಾರೆ ಎಂಬುದು ಅವನ ಅನುಭವದ ಮಾತು. ಇಂದಿಗೂ ಯಾವ ಸಭೆಗೆ ಯಾರು ಎಂಬ ಪಟ್ಟಿಯನ್ನು ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ ಓದುತ್ತಾರೆ. ಕಥೋಲಿಕರ ದಾರಿ ಬೇರೆ. 1983ರ ಅವರ ಧರ್ಮಸಂಹಿತೆ ಧರ್ಮಕೇಂದ್ರದ ಗುರುವಿಗೆ ಮೊದಲು ಸ್ಥಿರತೆ ಬೇಕೆನ್ನುತ್ತದೆ, ಅವಧಿಯ ಮಿತಿಯನ್ನು ವಿನಾಯಿತಿಯಾಗಿ ಒಪ್ಪುತ್ತದೆ. ಮೆಥಡಿಸ್ಟ್ ಪಾಸ್ಟರ್ ಮಾತ್ರ ಬಂದ ದಿನವೇ ಹೋಗುವವರು. ಜಂಗಮದ ಕಲ್ಪನೆ ರಕ್ತಗತವಾಗಿರುವ ಕಲಬುರಗಿ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಪ್ರತಿ ಬೀಳ್ಕೊಡುಗೆಯಲ್ಲೂ ಅನಿರೀಕ್ಷಿತ ಆಘಾತದ ಭಾಷೆಯೇ ಕೇಳಿಸುತ್ತದೆ.

ಬೈಬಲ್ಲಿನ ಹೆಸರಾಂತ ಬೀಳ್ಕೊಡುಗೆಯಲ್ಲಿ ಪಾತ್ರಗಳು ತಿರುಗುಮುರುಗು. ಅಪೊಸ್ತಲರ ಕೃತ್ಯಗಳು ಇಪ್ಪತ್ತನೆಯ ಅಧ್ಯಾಯದಲ್ಲಿ ಪೌಲ ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸುತ್ತಾನೆ. ಮಾತಾಡುವವನು ಹೊರಟವನೇ. ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ, ನನ್ನ ಕೈಯಿಂದಲೇ ದುಡಿದು ನನ್ನವರನ್ನೂ ಸಾಕಿದೆ ಎಂದು ಲೆಕ್ಕ ಒಪ್ಪಿಸುತ್ತಾನೆ. ನಾನು ಹೋದ ಮೇಲೆ ನಿಮ್ಮೊಳಗಿಂದಲೇ ಕೇಡು ಹುಟ್ಟೀತು ಎಂದೂ ಎಚ್ಚರಿಸುತ್ತಾನೆ. ಹಿರಿಯರು ಅತ್ತದ್ದು ಆಮೇಲೆ.

ಕಳಿಸಿಕೊಡುವ ಗಳಿಗೆಯಲ್ಲಿ ಲೆಕ್ಕ ಕೇಳುವುದು ಒರಟುತನ ಎನ್ನಬಹುದು. ಕಡಿಮೆ ಸಂಬಳಕ್ಕೆ ಹೊತ್ತುಗೊತ್ತಿಲ್ಲದೆ ದುಡಿದವರಿಗೆ ಸಲ್ಲುವುದು ಒಂದು ಶಾಲು, ಅದನ್ನೂ ಚೌಕಾಶಿ ಮಾಡಬೇಕೆ? ಈ ಮಾತಿನಲ್ಲಿ ತೂಕವಿದೆ, ಕೃತಜ್ಞತೆ ಹೇಳಲೇಬೇಕು. ಆದರೆ ಹೊಗಳಿಕೆಯ ಬಿಲ್ಲು ಕೊನೆಗೆ ಬರುವುದು ಹೊಸ ಪಾಸ್ಟರ್ ಹೆಸರಿಗೆ. ಸಭೆಗೆ ಬರುವುದನ್ನು ಬಿಟ್ಟ ಮನೆ ಯಾವುದು, ಸ್ಮಶಾನದ ಜಾಗದ ತಕರಾರು ಎಲ್ಲಿಗೆ ಬಂದು ನಿಂತಿದೆ, ಯಾರ ಮಗನಿಗೆ ಕುಡಿತ ಬಿಡಿಸುವ ಪ್ರಯತ್ನ ಅರ್ಧಕ್ಕೆ ನಿಂತಿದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಮೇಲಾಗಿ, ಹಾರ ಹಾಕಿಸಿಕೊಂಡು ಹೋದವರ ಜೊತೆ ಹೋಲಿಕೆ ಮೊದಲ ವಾರದಿಂದಲೇ ಶುರು.

ಕಲಬುರಗಿಗೆ ಪಾದ್ರಿಯೊಬ್ಬರ ಲೆಕ್ಕ ಚೆನ್ನಾಗಿ ಗೊತ್ತು. 1949ರಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಬಾಸೆಲ್ ಮಿಶನ್ನಿನ ರೆವರೆಂಡ್ ಉತ್ತಂಗಿ ಚನ್ನಪ್ಪ. ಸುತ್ತಾಡಿ ಕೂಡಿಹಾಕಿದ ಸರ್ವಜ್ಞನ ತ್ರಿಪದಿಗಳನ್ನು ಅವರು 1924ರಲ್ಲಿ ಅಚ್ಚುಹಾಕಿಸಿದ್ದರು. ಮುಂದೆ ಬಂದವರು ಅದನ್ನು ತಿದ್ದಬಹುದಿತ್ತು, ಬೆಳೆಸಬಹುದಿತ್ತು. ಅಂಥ ಕೆಲಸಕ್ಕೆ ಹೋಲಿಸಿದರೆ ಬೀಳ್ಕೊಡುಗೆಯ ಭಾಷಣ ಮರುವಾರ ಯಾರಿಗೂ ಬೇಡ.

ವರ್ಗಾ ಆದವರ ಮಾತು ಇಷ್ಟಾಯಿತು. ಮನಸ್ತಾಪದಿಂದ ಹೋಗುವವರನ್ನು ಏನು ಮಾಡುವುದು? ಯುವಜನರ ಕೂಟ ನಡೆಸುತ್ತಿದ್ದವರು, ಗಾಯನವೃಂದ ಕಟ್ಟಿದವರು ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ. ಅವರಿಗೆ ಶಾಲು ಇಲ್ಲ, ಅವರ ಹೆಸರು ಎತ್ತುವುದೂ ಇಲ್ಲ. ನಿಜವಾಗಿ ಬೀಳ್ಕೊಡುಗೆ ಬೇಕಾಗಿದ್ದದ್ದು ಇವರಿಗೆ. ಎಲ್ಲಿ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಎದುರೆದುರೇ ಹೇಳಿ ಕಳಿಸಿದರೆ, ಮರಳಿ ಬರುವ ದಿನ ಯಾರಿಗೂ ಮುಜುಗರ ಆಗದು. ಕೃತ್ಯಗಳ ಪುಸ್ತಕ ಇದನ್ನು ಮುಚ್ಚಿಡಲಿಲ್ಲ. ಪಂಫುಲ್ಯದಲ್ಲಿ ಕೈಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಜೊತೆಗೆ ಒಯ್ಯಬೇಕೋ ಬೇಡವೋ ಎಂದು ಪೌಲ, ಅವನ ಜೊತೆಗಾರ ಬಾರ್ನಬ ಇಬ್ಬರೂ ಜಗಳಾಡಿ ಬೇರೆಯಾದರು. ಬಾರ್ನಬ ಮಾರ್ಕನೊಡನೆ ಸೈಪ್ರಸ್‌ಗೆ ಹಡಗು ಹತ್ತಿದ, ಪೌಲ ಸೀಲನನ್ನು ಕರೆದುಕೊಂಡ. ತಿಮೊಥೆಯನಿಗೆ ಪೌಲನ ಹೆಸರಿನಲ್ಲಿರುವ ಎರಡನೆಯ ಪತ್ರದ ಕೊನೆಯಲ್ಲಿ, ಬಿಟ್ಟುಹೋದವರ ಪಟ್ಟಿಯ ಮಧ್ಯದಲ್ಲೇ ಒಂದು ಕೋರಿಕೆಯಿದೆ: ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಕೆಲಸವಿದೆ.