ಚೆಂಡು ಹಿಡಿಯದ ಕೈಗಳು



ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 17. ಕೆಳಗೆ ಯುದ್ಧ ನಡೀತಿದೆ, ಗುಡ್ಡದ ಮೇಲೆ ಮೋಶೆಯ ಕೈ ಸೋತು ಹೋಗ್ತಿದೆ. ಆ ಕೈಗಳನ್ನ ಸಂಜೆವರೆಗೂ ಎತ್ತಿ ಹಿಡಿದವರು ಆರೋನ ಮತ್ತು ಹೂರ. ಕೆಳಗೆ ಯುದ್ಧ ಮಾಡಿದ ಯೆಹೋಶುವ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಹೂರ ಎಷ್ಟು ಜನರಿಗೆ ನೆನಪಿದ್ದಾನೆ?

ಹೂರನ ಬಗ್ಗೆ ಓದುವಾಗೆಲ್ಲ ನನಗೆ ಒಬ್ಬ ಸಹೋದರ ನೆನಪಾಗ್ತಾನೆ. ಬ್ರ್ಯಾಂಡನ್ ಬರ್ಲ್ಸ್‌ವರ್ತ್, ಅಮೆರಿಕದ ಆರ್ಕನ್ಸಾ ರಾಜ್ಯದ ಹ್ಯಾರಿಸನ್ ಊರಿನ ವಿಶ್ವಾಸಿ. ಕಾಲೇಜು ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವನು. ಅದು ಹೆಲ್ಮೆಟ್ ಹಾಕ್ಕೊಂಡು ಆಡೋ ಆಟ. ಅದರಲ್ಲಿ ಆಫೆನ್ಸಿವ್ ಲೈನ್ ಅಂತ ಐದು ಜನ ಮುಂದೆ ನಿಲ್ತಾರೆ. ಚೆಂಡು ಹಿಡಿದು ಓಡೋದು ಅವರ ಕೆಲಸ ಅಲ್ಲ. ಎದುರಾಳಿಯನ್ನ ಮೈಕೊಟ್ಟು ತಡೀಬೇಕು, ಹಿಂದಿರೋ ಕ್ವಾರ್ಟರ್‌ಬ್ಯಾಕ್‌ನನ್ನ ಕಾಯಬೇಕು. ಅಂಕ ಬಂದಾಗ ಕ್ಯಾಮೆರಾ ಬೇರೆಯವರ ಕಡೆ ತಿರುಗುತ್ತೆ.

1994ರಲ್ಲಿ ಬ್ರ್ಯಾಂಡನ್ ಸ್ಕಾಲರ್‌ಶಿಪ್ ಇಲ್ಲದೆ ಆರ್ಕನ್ಸಾ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದ. ಅಂಥವರನ್ನ ವಾಕ್-ಆನ್ ಅಂತಾರೆ. ದಪ್ಪ ಫ್ರೇಮಿನ ಕನ್ನಡಕ, 77ನೇ ನಂಬರ್ ಜರ್ಸಿ. ಬೆವರು ಸುರಿಸಿ ಮೂರು ವರ್ಷ ಮೊದಲ ಸಾಲಿನಲ್ಲಿ ಆಡಿದ. ಆಡ್ತಾ ಆಡ್ತಾನೇ ಎಂಬಿಎ ಮುಗಿಸಿದ. 1998ರಲ್ಲಿ ಆಲ್-ಅಮೆರಿಕನ್ ಗೌರವ ಬಂತು.

ಅದೇ ವರ್ಷ ನವೆಂಬರ್ 14, ಟೆನ್ನೆಸ್ಸೀ ವಿರುದ್ಧ ಆಟ. ಎರಡು ನಿಮಿಷವೂ ಉಳಿದಿಲ್ಲ, ಇವರು 24-22ರಲ್ಲಿ ಮುಂದಿದ್ದಾರೆ. ಎದುರಾಳಿ ಬ್ರ್ಯಾಂಡನ್‌ನನ್ನ ಹಿಂದಕ್ಕೆ ತಳ್ಳಿದ. ಕ್ವಾರ್ಟರ್‌ಬ್ಯಾಕ್ ಅವನ ಕಾಲಿಗೆ ಎಡವಿ ಚೆಂಡು ಕೈಬಿಟ್ಟ. 28-24, ಸೋಲು. ಲೈನ್‌ಮನ್ ನೂರು ಸಲ ತಡೆದದ್ದನ್ನ ಯಾರೂ ಎಣಿಸಲ್ಲ, ಹಿಂದೆ ಸರಿದ ಒಂದು ಸಲ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತೆ. ನಮ್ಮ ಸೌಂಡ್ ಟೀಮಿನ ತಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತು. ಮೈಕ್ ಕೀರಲು ಹೊಡೆದ ದಿನ ಮಾತ್ರ ಸಭೆಯೆಲ್ಲ ಹಿಂದೆ ತಿರುಗುತ್ತೆ!

1999ರ ಏಪ್ರಿಲ್‌ನಲ್ಲಿ ವೃತ್ತಿಪರ ತಂಡವಾದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವನನ್ನ 63ನೇ ಆಯ್ಕೆಯಾಗಿ ಕರೀತು. ಹನ್ನೊಂದು ದಿನ ಆಯ್ತು. ತಾಯಿಯನ್ನ ಸಭೆಗೆ ಕರ್ಕೊಂಡು ಹೋಗಬೇಕು ಅಂತ ಊರಿಗೆ ಕಾರಿನಲ್ಲಿ ಬರ್ತಿದ್ದ. ದಾರಿಯಲ್ಲಿ ಅಪಘಾತ. 22ನೇ ವಯಸ್ಸಿಗೆ ಕರ್ತನ ಬಳಿ ಹೋದ.

ಪ್ರಿಯರೇ, ಒಂದು ಅರಿಕೆ ಮಾಡ್ತೀನಿ. “ಇವತ್ತು ಮರೆಯಲ್ಲಿ ಸೇವೆ ಮಾಡು, ನಾಳೆ ದೇವರು ನಿನ್ನನ್ನ ವೇದಿಕೆಗೆ ತರ್ತಾನೆ” ಅಂತ ನಾನೇ ಎಷ್ಟೋ ಸಲ ಸಾರಿದ್ದೀನಿ. ಈ ಸಹೋದರನ ಜೀವನ ಓದಿದ ಮೇಲೆ ಅದನ್ನ ಹೇಳೋಕೆ ಬಾಯಿ ಬರಲ್ಲ. ಮರೆಯ ಸೇವೆ ವೇದಿಕೆಗೆ ಕಟ್ಟೋ ಅಡ್ವಾನ್ಸ್ ಅಲ್ಲ. ಆ ವೃತ್ತಿಪರ ತಂಡಕ್ಕೆ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಹಾಗಂತ ಅವನ ಓಟ ಅರ್ಧಕ್ಕೆ ನಿಂತಿತು ಅನ್ನೋಣವೇ? ಇಲ್ಲ. ಪ್ರತಿ ದಿನ ಕರ್ತನಿಗಾಗಿಯೇ ಆಡಿದವನ ಲೆಕ್ಕ ಪ್ರತಿ ದಿನವೂ ಪೂರ್ತಿ. ಹಲ್ಲೆಲೂಯಾ!

2010ರಿಂದ ವಾಕ್-ಆನ್ ಆಗಿ ಬಂದ ಶ್ರೇಷ್ಠ ಆಟಗಾರನಿಗೆ ಅವನ ಹೆಸರಲ್ಲೇ ಟ್ರೋಫಿ ಕೊಡ್ತಿದ್ದಾರೆ. ಅದು ಸಂತೋಷವೇ. ಟ್ರೋಫಿ ಇಲ್ಲದಿದ್ರೂ ದೇವರು ನೋಡಿದ್ದ.

ನಾಳೆ ಆಫೀಸಲ್ಲಿ ನಿಮ್ಮ ಕೆಲಸಕ್ಕೆ ಬೇರೆಯವರ ಹೆಸರು ಬರಬಹುದು. ಆಗ ಹೂರನನ್ನ ನೆನೆಸ್ಕೊಳ್ಳಿ. ಯಾರ ಕೈ ಸೋತಿದೆ ನೋಡಿ, ಹೋಗಿ ಹಿಡೀರಿ. ಸೂರ್ಯ ಮುಳುಗೋವರೆಗೂ ಹಿಡೀರಿ. ಆಮೆನ್.