ಪೆಟ್ಟು ತಿಂದವನ ಕೈ

"ಅಪ್ಪ ಹೊಡೆದದ್ದಕ್ಕೇ ನಾನು ಮನುಷ್ಯನಾದೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ. ಅವರಲ್ಲೊಬ್ಬರು ಹೆಂಡತಿಯ ಮೇಲೆ ಕೈಮಾಡಿದ ಸುದ್ದಿ ಬಂದಾಗ ನಾವೇ "ಪಾಪ, ಚಿಕ್ಕಂದಿನಲ್ಲಿ ಬಹಳ ಪೆಟ್ಟು ತಿಂದವನು" ಎನ್ನುತ್ತೇವೆ. ಒಂದೇ ಪೆಟ್ಟು ಒಮ್ಮೆ ಸಂಸ್ಕಾರವಾಗಿ, ಇನ್ನೊಮ್ಮೆ ನೆಪವಾಗಿ ಒದಗುತ್ತದೆ.

ಎರಡಕ್ಕೂ ನಂಟಿರುವುದು ದಿಟ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಂದೆಯು ತಾಯಿಯನ್ನು ಹೊಡೆಯುತ್ತಿದ್ದ ಮನೆಗಳ ಹೆಣ್ಣುಮಕ್ಕಳು ತಾವೂ ಹಿಂಸೆಗೊಳಗಾದ ಪ್ರಮಾಣ ಉಳಿದವರದಕ್ಕಿಂತ ಎರಡರಷ್ಟಿತ್ತು. ಆದರೆ ನಂಟು ಬೇರೆ, ಹಣೆಬರಹ ಬೇರೆ. ಅಮೆರಿಕದ ಕ್ಯಾಥಿ ವೈಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಹಿಂಸೆಯುಂಡವರಲ್ಲಿ ಅಪರಾಧಕ್ಕಿಳಿದವರು ಇತರರಿಗಿಂತ ಹೆಚ್ಚಿದ್ದರು. ಆದರೂ ಬಹುಪಾಲು ಮಂದಿ ಇಳಿಯಲಿಲ್ಲ. ಒಂದೇ ಬೆತ್ತದ ಕೆಳಗೆ ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಮಗುವಿನ ಮೇಲೆ ದನಿಯೆತ್ತಲೂ ಅಂಜುತ್ತಾನೆ. ಮೇಲಾಗಿ, ಆ 'ಪಾಪದ' ಗಂಡ ಆಫೀಸಿನಲ್ಲಿ ಮೇಲಧಿಕಾರಿ ಬೈದಾಗ ಕೈಯೆತ್ತುವುದಿಲ್ಲವಲ್ಲ! ಎಲ್ಲಿ ಎತ್ತಬಹುದೆಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ಅವನ ಬಾಲ್ಯದ ನೋವಿಗೆ ನಮ್ಮ ಮರುಕ ಸಲ್ಲಲಿ. ಅದರ ಬೆಲೆಯನ್ನು ಹೆಂಡತಿ ತೆರಬೇಕೆಂಬುದು ಯಾವ ನ್ಯಾಯ?

ಆ ಲೆಕ್ಕವನ್ನು ಕಲಿಸಿದವನು ಅಪ್ಪನೊಬ್ಬನೇ ಅಲ್ಲ. ಅಂದು ಅಪ್ಪ ಹೊಡೆಯುವಾಗ ಅಜ್ಜಿ ಒಳಕ್ಕೆ ಹೋದರು, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಮನೆಯೊಳಗಿನ ಪೆಟ್ಟನ್ನು ಯಾರೂ ಕೇಳುವುದಿಲ್ಲವೆಂದು ಮಗು ಕಲಿತದ್ದು ಆಗಲೇ.

ಚೆನ್ನೈಯಲ್ಲಿ ನೆಲೆಸಿದ ನಮ್ಮಲ್ಲಿ ಈ ಮೌನ ಇನ್ನೂ ಗಟ್ಟಿ. ಮದುವೆಯಾಗಿ ಬಂದ ಹುಡುಗಿಗೆ ತವರು ಒಂದು ರಾತ್ರಿಯ ರೈಲಿನಷ್ಟು ದೂರ. ಪೊಲೀಸ್ ಠಾಣೆಯಲ್ಲಿ ಹೇಳಿಕೊಳ್ಳುವಷ್ಟು ತಮಿಳು ಬಾರದು. ಗುರುತಿನವರೆಂದರೆ ನಾವೇ, ಸಂಘದ ಹತ್ತಾರು ಕುಟುಂಬಗಳು. ಗಂಡನ ಗೆಳೆಯರೂ ನಾವೇ. ರಾಜ್ಯೋತ್ಸವದ ದಿನ ಅವಳ ತೋಳಿನ ಕಲೆ ಕಂಡರೂ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ನಕ್ಕು ಕೋಸಂಬರಿಯ ತಟ್ಟೆಗೆ ಕೈಹಾಕುತ್ತೇವೆ. ಪರವೂರಿನಲ್ಲಿ ಕನ್ನಡಿಗರ ಮರ್ಯಾದೆ ಹೋಗಬಾರದೆಂಬ ಆತಂಕ ಬೇರೆ. 2019–21ರ ಸಮೀಕ್ಷೆಯಲ್ಲಿ ಗಂಡನ ಹಿಂಸೆಯನ್ನು ಹೇಳಿಕೊಂಡವರು ತಮಿಳುನಾಡಿನಲ್ಲಿ ಶೇಕಡಾ 38, ಕರ್ನಾಟಕದಲ್ಲಿ ಶೇಕಡಾ 44. ಮುಚ್ಚಿಟ್ಟು ಉಳಿಸಿಕೊಂಡ ಮರ್ಯಾದೆ ಇಷ್ಟು.

2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ರಕ್ಷಣಾಧಿಕಾರಿಗೆ ತಿಳಿಸಲು ಆಕೆಯೇ ಹೋಗಬೇಕಾಗಿಲ್ಲ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೂ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲವೆಂದೂ ಕಾಯಿದೆ ಹೇಳುತ್ತದೆ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098.