ಕಲ್ಲಿನೊಳಗಣ ಬಯಲು

ಕಲ್ಲೆಂದರೆ ಘನವೆಂದೇ ನಂಬಿದವನು, ಚೀನದ ಆರ್ಡೋಸ್ ದ್ರೋಣಿಯಲ್ಲಿ ಟ್ರಯಾಸಿಕ್ ಯುಗದ ಮಹಾಸರೋವರವೊಂದು ಬಿಟ್ಟುಹೋದ ಯಾನ್‌ಚಾಂಗ್ ಶ್ರೇಣಿಯ ಬಿಗಿ ಮರಳುಗಲ್ಲಿನ ತೆಳುಚೂರೊಂದನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದರೆ, ಕಣಕಣಗಳ ನಡುವೆ ಅಡಗಿದ ಬಯಲು ಅವನಿಗೆ ಗೋಚರವಾಗುವುದು. ತೈಲದ ವಾಸವು ಆ ಬಯಲಿನಲ್ಲಿಯೇ.

ಆದರೆ ವಾಸವೇ ಬೇರೆ, ಸಂಚಾರವೇ ಬೇರೆ. ರಂಧ್ರವು ಎಷ್ಟೇ ವಿಶಾಲವಾಗಿರಲಿ, ಒಂದರಿಂದ ಮತ್ತೊಂದಕ್ಕೆ ಹಾಯುವ ಕೊರಳು ಮೈಕ್ರಾನಿಗಿಂತಲೂ ಕಿರಿದಾದರೆ ಪ್ರವಾಹವು ಬಡವಾಗುತ್ತದೆ. ದುಂಡು ನಾಳದ ತ್ರಿಜ್ಯವು ಅರ್ಧಕ್ಕಿಳಿದಾಗ, ಒತ್ತಡವು ಮೊದಲಿನಷ್ಟೇ ಇದ್ದರೂ, ಹರಿವು 16ರಲ್ಲಿ 1 ಪಾಲಿಗೆ ಕುಗ್ಗುವುದೆಂಬುದು ಪ್ವಾಸೆಯ್ ಕಂಡ ನಿಯಮ. ಇದರ ಮೇಲೆ, ಇಲ್ಲೈಟ್ ಎಂಬ ಜೇಡಿಖನಿಜದ ಕೂದಲಿನಂತಹ ಎಳೆಗಳು ಕೊರಳಿಗಡ್ಡಲಾಗಿ ಹೆಣೆದುಕೊಂಡು ಇದ್ದೊಂದು ದಾರಿಯನ್ನೂ ಹಲವು ಸೀಳುಗಳಾಗಿ ಒಡೆಯುತ್ತವೆ. ನೀರಿನೊಡನೆ ಬಂದ ತೈಲಬಿಂದುವು ಆ ಕಿರುಬಾಯಿಯಲ್ಲಿ ಮೈಯನ್ನು ಬಾಗಿಸಲಾರದೆ ನಿಂತುಬಿಡುತ್ತದೆ.

ಹಾಗಾದರೆ ಹರಿವನ್ನು ಆಳುವುದು ಇರುವ ಕಣವೋ, ಕಣವಿಲ್ಲದ ಎಡೆಯೋ? ಅಭಾವವನ್ನು ಏಳನೆಯ ಪದಾರ್ಥವೆಂದೆಣಿಸಿದ ವೈಶೇಷಿಕ ಪರಂಪರೆಯು ಇಲ್ಲದಿರುವಿಕೆಗೂ ಸತ್ಯತ್ವವನ್ನಿತ್ತಿತು. ಪ್ರಾಭಾಕರ ಮೀಮಾಂಸಕರು ಅದನ್ನೊಪ್ಪದೆ, ಬರಿದಾದ ಅಧಿಕರಣವೊಂದೇ, ಎಂದರೆ ವಸ್ತುವಿಲ್ಲದ ನೆಲೆಯೊಂದೇ, ಸಾಕೆಂದರು. ರಂಧ್ರದ ಆಕಾರವೆಲ್ಲ ಕಣಗಳ ಕೊಡುಗೆಯೇ ಆದುದರಿಂದ, ನಾನು ಬಹುಕಾಲ ಪ್ರಾಭಾಕರರ ಪಕ್ಷದವನಾಗಿದ್ದೆ. ಈಗ ಆ ನಿಶ್ಚಯವಿಲ್ಲ: ಸಮಪ್ರಮಾಣದ ಬಯಲುಳ್ಳ ಎರಡು ಕಲ್ಲುಗಳಲ್ಲಿ ಒಂದು ತೈಲವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಇನ್ನೊಂದು, ಕೊರಳು ಕಿರಿದಾದ ಮಾತ್ರಕ್ಕೆ, ಕೋಟ್ಯಂತರ ವರ್ಷಗಳಿಂದ ಹಿಡಿದದ್ದನ್ನು ಹಿಡಿದೇ ಇದೆ.